ಇದ್ದೂ ಸಿಗದ ಪುಸ್ತಕಗಳು

ಕೆಂಪು ಬಟ್ಟೆಯ ಗಂಟು ಬಿಚ್ಚಿದ ಕೂಡಲೇ ಮೊದಲು ಮೂಗಿಗೆ ಬಡಿಯುವುದು ವಾಸನೆ. ನಿಂಬೆಹುಲ್ಲಿನ ಎಣ್ಣೆಯದ್ದು, ಬಜೆಬೇರಿನದ್ದು, ಅವೆರಡರ ಅಡಿಯಲ್ಲಿ ಹಳೇ ಅಟ್ಟದ್ದು. ಬಟ್ಟೆ ಸರಿಸಿದರೆ ಎರಡು ಮರದ ಹಲಗೆ. ಹಲಗೆಗಳ ನಡುವೆ ಓಲೆಗರಿಯ ಕಟ್ಟು. ಅಳತೆ ತೆಗೆದರೆ ಒಂದೂವರೆ ಗೇಣು ಉದ್ದ, ಎರಡು ಬೆರಳು ಅಗಲ. ಪ್ರತಿ ಗರಿಯಲ್ಲೂ ಎರಡು ತೂತು, ಅದರೊಳಗೆ ಹಾದು ಬಂದ ಹತ್ತಿಯ ದಾರ. ಮೇಲಿನ ಗರಿಗೆ ಒಂದು ಚೀಟಿ ಕಟ್ಟಿರುತ್ತದೆ. ಅದರ ಮೇಲೆ ಯಾರೋ ಎಂದೋ ಬರೆದ ಒಂದು ನಂಬರು, ಒಂದು ಕಾವ್ಯದ ಹೆಸರು.

ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಹಸ್ತಪ್ರತಿ ಮತ್ತು ಅಪರೂಪದ ಪುಸ್ತಕಗಳ ವಿಭಾಗದಲ್ಲಿ, ಎರಡು ವರ್ಷದ ಶನಿವಾರಗಳನ್ನು ನಾನು ಕಳೆದಿದ್ದೇನೆ. ಕೆಲಸ ದೊಡ್ಡದೇನಲ್ಲ. ಹಳೆಯ ಕಾರ್ಡುಗಳನ್ನು, ಬಂದ ಪುಸ್ತಕಗಳನ್ನು ದಾಖಲಿಸಿದ ಅಕ್ಸೆಶನ್ ರಿಜಿಸ್ಟರುಗಳನ್ನು ನೋಡಿ ಕಂಪ್ಯೂಟರಿಗೆ ಏರಿಸುವುದು. ಅನುಮಾನ ಬಂದರೆ ಕಟ್ಟು ಬಿಚ್ಚಿ ತಾಳೆ ನೋಡುವುದು. ಸಂಬಳವಿಲ್ಲ, ಸುಮ್ನೆ ಇಷ್ಟಪಟ್ಟು ಮಾಡಿದ್ದು. ಆ ಎರಡು ವರ್ಷ ನನಗೆ ಕಲಿಸಿದ್ದನ್ನು ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ.

ಅಲ್ಲಿನ ಹಿರಿಯ ಗ್ರಂಥಪಾಲಕರು ಮೊದಲ ದಿನ ನನ್ನ ಜೇಬಿನಲ್ಲಿದ್ದ ಪೆನ್ನನ್ನು ತೆಗೆದಿಟ್ಟು ಪೆನ್ಸಿಲ್ ಕೊಟ್ಟರು. ಶಾಯಿ ಒಮ್ಮೆ ಬಿದ್ದರೆ ಹೋಗದು, ಪೆನ್ಸಿಲ್ ಗೆರೆ ಹೋಗುತ್ತದೆ. ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಬರಲು ಹೇಳಿದರು. ಬಿಳಿ ಗ್ಲೌಸ್ ಕೊಡುತ್ತಾರೆ ಅಂತ ನಾನು ಕಾದಿದ್ದೆ. ಕೊಡಲಿಲ್ಲ. ಗ್ಲೌಸ್ ಹಾಕಿದರೆ ಬೆರಳಿಗೆ ಕಾಗದದ ಸ್ಪರ್ಶ ತಿಳಿಯುವುದಿಲ್ಲ, ಅಂಚು ಹರಿಯುವುದು ಜಾಸ್ತಿ. ಹಳೆ ಫೋಟೋ ಮುಟ್ಟುವಾಗ ಮಾತ್ರ ಗ್ಲೌಸ್. ಈಗಲೂ ಮನೆಯಲ್ಲಿ ಹಳೆ ಪುಸ್ತಕ ತೆಗೆಯುವ ಮುಂಚೆ ನನ್ನ ಕಾಲು ತಾನಾಗೇ ನಲ್ಲಿಯ ಕಡೆ ಹೋಗುತ್ತದೆ.

ಓಲೆಗರಿಯನ್ನು ಮೊದಲ ಸಲ ಬೆಳಕಿಗೆ ಹಿಡಿದಾಗ ನನಗೆ ಏನೂ ಕಾಣಲಿಲ್ಲ. ಗರಿ ಇದೆ, ಅಕ್ಷರವಿಲ್ಲ. ಓರೆಯಾಗಿ ಹಿಡಿದಾಗ ಸಣ್ಣ ಗೀರುಗಳು ಕಂಡವು. ಓಲೆಯ ಮೇಲೆ ಬರೆಯುವುದು ಅಂದರೆ ಕೊರೆಯುವುದು. ಕಂಠ ಎನ್ನುವ ಕಬ್ಬಿಣದ ಮೊನೆಯಿಂದ ಗೀರಬೇಕು. ಆಮೇಲೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಉಜ್ಜಿ ಒರೆಸಿದರೆ, ಮಸಿ ಗೀರಿನೊಳಗೆ ಉಳಿದು ಅಕ್ಷರ ಎದ್ದು ಬರುತ್ತದೆ. ಮಸಿ ಹೋದರೂ ಅಕ್ಷರ ಹೋಗುವುದಿಲ್ಲ, ಕಾಣದೆ ಇರುತ್ತದೆ ಅಷ್ಟೆ. ಮತ್ತೆ ಉಜ್ಜಿದರೆ ಮತ್ತೆ ಬರುತ್ತದೆ.

ಬರೆಯುವವನ ಕೈ ಹೇಗೆ ಕೆಲಸ ಮಾಡುತ್ತಿತ್ತು ಎಂದು ಅವರು ತೋರಿಸಿದರು. ಗರಿಯನ್ನು ಎಡಗೈಯಲ್ಲಿ ಹಿಡಿಯಬೇಕು. ಹೆಬ್ಬೆರಳ ಉಗುರಿನ ಅಂಚಿನಲ್ಲಿ ಒಂದು ಕಚ್ಚು. ಆ ಕಚ್ಚಿನಲ್ಲಿ ಕಂಠ ಆನಿಕೊಂಡು ನಿಲ್ಲುತ್ತದೆ. ಬಲಗೈ ಅಕ್ಷರದ ಆಕಾರ ತಿರುಗಿಸುತ್ತದೆ, ಎಡಗೈ ಗರಿಯನ್ನು ಒಂಚೂರು ಒಂಚೂರೇ ಜರುಗಿಸುತ್ತದೆ. ಮೇಜಿಲ್ಲ, ತೊಡೆಯೇ ಮೇಜು. ಹೀಗೆ ಒಂದು ಗರಿಗೆ ಏಳೆಂಟು ಸಾಲು, ಎರಡೂ ಮಗ್ಗುಲಿಗೆ. ಪದಗಳ ನಡುವೆ ಜಾಗವಿಲ್ಲ. ಗರಿ ಹದ ಮಾಡುವುದು ಅಷ್ಟು ಕಷ್ಟದ ಕೆಲಸ, ಜಾಗ ಬಿಡುವುದು ಅಂದರೆ ದಂಡ ಮಾಡಿದ ಹಾಗೆ. ನಮ್ಮ ಅಕ್ಷರಗಳು ಗುಂಡಾಗಿರುವುದಕ್ಕೂ ಓಲೆಯೇ ಕಾರಣ ಎನ್ನುವವರಿದ್ದಾರೆ. ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಬಾಗಿಸಿ ಎಳೆದರೆ ಸೀಳುವುದಿಲ್ಲ.

ಓದುವುದು ಇನ್ನೂ ಕಷ್ಟ. ಎಕಾರ, ಏಕಾರಕ್ಕೆ ಬೇರೆ ಗುರುತಿಲ್ಲ. ಒಕಾರ, ಓಕಾರಕ್ಕೂ ಇಲ್ಲ. ಅರ್ಥ ನೋಡಿ ನೀವೇ ಹ್ರಸ್ವವೋ ದೀರ್ಘವೋ ತೀರ್ಮಾನಿಸಬೇಕು. ಹಳಗನ್ನಡದ ಱ, ೞ ಅಕ್ಷರಗಳು ಆಡುಮಾತಿನಿಂದ ಮರೆಯಾದ ಮೇಲೆ ಪ್ರತಿ ಮಾಡಿದವರು ತಮಗೆ ತೋಚಿದ ರ, ಳ ಹಾಕಿಬಿಟ್ಟಿರುತ್ತಾರೆ. ಒಂದು ಸಾಲು ಓದಲು ನನಗೆ ಮೊದಮೊದಲು ಅರ್ಧ ಗಂಟೆ ಹಿಡಿಯುತ್ತಿತ್ತು. ಎರಡನೇ ವರ್ಷದ ಕೊನೆಗೂ ನಾನು ಸರಾಗವಾಗಿ ಓದುವವನಾಗಲಿಲ್ಲ. ಆದರೆ ಒಂದು ಕೈಬರಹಕ್ಕೂ ಇನ್ನೊಂದು ಕೈಬರಹಕ್ಕೂ ವ್ಯತ್ಯಾಸ ತಿಳಿಯುವಷ್ಟು ಕಣ್ಣು ಪಳಗಿತು. ಅದೇ ಮುಂದೆ ಉಪಯೋಗಕ್ಕೆ ಬಂತು.

ಪ್ರತಿ ಮಾಡಿದವರು ಕೊನೆಯ ಗರಿಯಲ್ಲಿ ತಮ್ಮ ಬಗ್ಗೆ ಒಂದೆರಡು ಮಾತು ಬರೆಯುವುದುಂಟು. ಬೆನ್ನು, ಸೊಂಟ, ಕುತ್ತಿಗೆ ಮುರಿದುಕೊಂಡು, ಕಣ್ಣು ನೆಟ್ಟು, ತಲೆ ತಗ್ಗಿಸಿ ಕಷ್ಟಪಟ್ಟು ಬರೆದದ್ದು ಇದು, ಜೋಪಾನವಾಗಿ ನೋಡಿಕೊಳ್ಳಿ ಎನ್ನುವ ಅರ್ಥದ ಸಂಸ್ಕೃತ ಶ್ಲೋಕವೊಂದಿದೆ. ಇನ್ನೊಂದು ಶ್ಲೋಕದಲ್ಲಿ ಪುಸ್ತಕವೇ ಮಾತಾಡುತ್ತದೆ. ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖರ ಕೈಗೆ ಮಾತ್ರ ಕೊಡಬೇಡಿ ಅಂತ. ಸಡಿಲ ಕಟ್ಟು ಯಾಕೆ ಅಂತ ನನಗೆ ಮೊದಲು ತಿಳಿದಿರಲಿಲ್ಲ. ಕಟ್ಟು ಸಡಿಲವಾದರೆ ಗರಿಗಳು ಒಂದರ ಮೇಲೊಂದು ಉಜ್ಜಿ ಅಂಚು ಸವೆಯುತ್ತವೆ, ನಡುವೆ ಹುಳು ಸೇರುತ್ತದೆ, ತೇವಕ್ಕೆ ಗರಿ ಸೊಟ್ಟಗಾಗುತ್ತದೆ. ಇಂದಿನ ಸಂರಕ್ಷಣೆಯ ಪಾಠ ಶುರುವಾಗುವುದೂ ಇದೇ ನೀರು, ಹುಳು, ಕಟ್ಟುಗಳಿಂದಲೇ.

ಈಗ ಆ ಚೀಟಿಯ ವಿಷಯಕ್ಕೆ ಬರುತ್ತೇನೆ.

ಒಂದು ಓಲೆಕಟ್ಟು ಅಂದರೆ ಒಂದು ಪುಸ್ತಕ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿರಬೇಕಾಗಿಲ್ಲ. ಒಂದೇ ಅಳತೆಯ ಗರಿಗಳು ಸಿಕ್ಕರೆ ಮನೆಯವರು ಒಟ್ಟಿಗೆ ಕಟ್ಟಿಡುತ್ತಿದ್ದರು. ಕಾವ್ಯ ಮುಗಿದ ಮೇಲೆ ಉಳಿದ ಗರಿಗಳಲ್ಲಿ ಹಾಡು, ಮನೆಮದ್ದು, ಶಕುನ, ಸಾಲದ ಲೆಕ್ಕ, ಏನು ಬೇಕಾದರೂ ಇರಬಹುದು. ಕಟ್ಟು ಗ್ರಂಥಾಲಯಕ್ಕೆ ಬಂದ ದಿನ ಅವಸರದಲ್ಲಿದ್ದ ಗುಮಾಸ್ತರು ಮೊದಲ ಗರಿ ನೋಡಿ ಹೆಸರು ಬರೆದರೆ, ಒಳಗಿರುವ ಮಿಕ್ಕದ್ದೆಲ್ಲ ಆ ಹೆಸರಿನ ಹಿಂದೆ ಅಡಗಿ ಕೂರುತ್ತದೆ. ಅದು ಕಳೆದುಹೋಗಿಲ್ಲ. ಕಪಾಟಿನಲ್ಲೇ ಇದೆ, ಬೀಗದೊಳಗೆ ಭದ್ರವಾಗಿದೆ. ಆದರೆ ಯಾರಿಗೂ ಸಿಗುವುದಿಲ್ಲ. ಯಾಕೆಂದರೆ ಅದು ಅಲ್ಲಿದೆ ಅಂತ ಎಲ್ಲೂ ಬರೆದಿಲ್ಲ.

ಇರುವುದು ಬೇರೆ, ಸಿಗುವುದು ಬೇರೆ. ಆ ಎರಡು ವರ್ಷ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಇದೇ.

ನಮ್ಮ ನಾಡಿನಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಮೈಸೂರಿನದ್ದೇ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿದ ನೆನಪಿಗೆ 1887ರಲ್ಲಿ ಅಡಿಗಲ್ಲು ಹಾಕಿದ ಜ್ಯೂಬಿಲಿ ಕಟ್ಟಡದಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ ಓರಿಯಂಟಲ್ ಲೈಬ್ರರಿ ಶುರುವಾಯಿತು. ಊರೂರಿನ ಮನೆ, ಮಠಗಳಿಂದ ಓಲೆಕಟ್ಟುಗಳು ಅಲ್ಲಿಗೆ ಬಂದು ಸೇರಿದವು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಈ ಗ್ರಂಥಾಲಯವೂ ಅದರ ಅಡಿಗೆ ಬಂತು. ಈಗ ಅದನ್ನು ಪ್ರಾಚ್ಯವಿದ್ಯಾ ಸಂಶೋಧನಾಲಯ ಎನ್ನುತ್ತೇವೆ.

ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ, ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ‘ಗ್ರಂಥ’ ಎನ್ನುವ ಲಿಪಿಯ ಒಂದು ಓಲೆಕಟ್ಟನ್ನು ಬಿಚ್ಚಿ ಓದಿದರು. ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಗ್ರಂಥಾಲಯಕ್ಕೆ ಕೊಟ್ಟ ಕಟ್ಟು ಅದು. ಓದುತ್ತಾ ಹೋದಂತೆ ಅದು ಕೌಟಿಲ್ಯನ ಅರ್ಥಶಾಸ್ತ್ರ ಅಂತ ತಿಳಿಯಿತು. ಅಲ್ಲಿಯವರೆಗೆ ವಿದ್ವಾಂಸರಿಗೆ ಆ ಗ್ರಂಥ ಗೊತ್ತಿದ್ದದ್ದು ಬೇರೆಯವರು ಉದ್ಧರಿಸಿದ ಚೂರುಪಾರು ಸಾಲುಗಳಿಂದ. ಹೀಗೊಂದು ಗ್ರಂಥ ಇತ್ತಂತೆ ಎನ್ನುವ ಸ್ಥಿತಿ. ಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚು ಮಾಡಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಹಳೆಯ ಭಾರತದ ಆಡಳಿತ, ತೆರಿಗೆ, ಗಣಿ, ಗೂಢಚಾರರ ಬಗ್ಗೆ ನಾವು ಶಾಲೆಯಲ್ಲಿ ಓದಿದ ಎಷ್ಟೋ ಸಂಗತಿ ಆ ಒಂದು ಕಟ್ಟಿನಿಂದ ಎದ್ದು ಬಂದದ್ದು.

ಈ ಕತೆ ಹೇಳುವಾಗ ಎಲ್ಲರೂ ‘ಪತ್ತೆ’ ಎನ್ನುತ್ತಾರೆ. ನನಗೆ ಹೆಚ್ಚು ಕಾಡುವುದು ಅದರ ಹಿಂದಿನ ಭಾಗ. ಆ ಗರಿಗಳನ್ನು ತಲೆಮಾರುಗಟ್ಟಲೆ ಯಾರೋ ಪ್ರತಿ ಮಾಡಿದ್ದಾರೆ. ಯಾರದೋ ಮನೆಯಲ್ಲಿ ಹೊಗೆಗೂಡಿನ ಮೇಲೋ ದೇವರ ಕೋಣೆಯಲ್ಲೋ ಜೋಪಾನ ಮಾಡಿದ್ದಾರೆ. ಒಬ್ಬರು ಅದನ್ನು ಹೊತ್ತು ತಂದು ಕೊಟ್ಟಿದ್ದಾರೆ. ಆ ಪಂಡಿತರನ್ನು ನಾವು ನೆನೆಯುವುದು ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು’ ಅಂತಲೇ. ಕೊನೆಗೆ, ಕಟ್ಟು ಬಿಚ್ಚಿ ಮೊದಲ ಗರಿಯಲ್ಲೇ ನಿಲ್ಲದೆ ಕೊನೆತನಕ ಓದಿದ ಗ್ರಂಥಪಾಲಕರು ಒಬ್ಬರು ಇದ್ದರು. ಇದರಲ್ಲಿ ಒಂದು ಕೊಂಡಿ ಕಳಚಿದ್ದರೂ ಸಾಕಿತ್ತು.

ನನ್ನ ಸ್ವಂತ ಮನೆಯಲ್ಲಿ ಕೊಂಡಿ ಕಳಚಿತು. ಅಜ್ಜನ ಮನೆಯ ಅಟ್ಟದ ಮೇಲೆ ಒಂದು ಬೆತ್ತದ ಪೆಟ್ಟಿಗೆ ಇತ್ತು. ತುಂಬ ಓಲೆಕಟ್ಟುಗಳು. ಮಕ್ಕಳು ಮುಟ್ಟಬಾರದು ಅಂತ ಕಟ್ಟಪ್ಪಣೆ. ನವರಾತ್ರಿಯಲ್ಲಿ ಪುಸ್ತಕ ಪೂಜೆಗೆ ಒಂದು ಕಟ್ಟು ಕೆಳಗೆ ಬರುತ್ತಿತ್ತು, ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮತ್ತೆ ಮೇಲೆ ಹೋಗುತ್ತಿತ್ತು. ಅಜ್ಜ ತೀರಿಕೊಂಡ ಮೇಲೆ ಅದನ್ನು ಓದಬಲ್ಲವರು ಮನೆಯಲ್ಲಿ ಉಳಿಯಲಿಲ್ಲ. ಮನೆ ರಿಪೇರಿಗೆ ಎಂದು ಅಟ್ಟ ಖಾಲಿ ಮಾಡಿದ ಒಂದು ಮಳೆಗಾಲದಲ್ಲಿ, ಹುಳು ಹಿಡಿದಿದೆ ಅಂತ ಅವೆಲ್ಲ ಬಚ್ಚಲು ಒಲೆಗೆ ಹೋದವು. ಒಣಗಿದ ಓಲೆ ಚೆನ್ನಾಗಿ ಉರಿಯುತ್ತದೆ. ನಾನಾಗ ಹತ್ತು ವರ್ಷದವನು. ಆ ಬಿಸಿನೀರಿನಲ್ಲಿ ನಾನೂ ಸ್ನಾನ ಮಾಡಿದ್ದೇನೆ. ಆ ಪೆಟ್ಟಿಗೆಯಲ್ಲಿ ಏನಿತ್ತು ಎನ್ನುವುದಕ್ಕೆ ಒಂದು ಪಟ್ಟಿ ಕೂಡ ಇಲ್ಲ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಅವರಿಗೆ ಅದು ಓದಲಾಗದ ಹಳೇ ಗರಿ. ಆದರೆ ವಿಭಾಗದಲ್ಲಿ ಪ್ರತಿ ಸಲ ಗಂಟು ಬಿಚ್ಚುವಾಗ ಆ ಒಲೆ ನೆನಪಾಗದೆ ಇರುತ್ತಿರಲಿಲ್ಲ.

ಓಲೆಯ ಪಕ್ಕದ ಕಪಾಟಿನಲ್ಲಿ ಕಡತಗಳಿದ್ದವು. ಆಫೀಸಿನಲ್ಲಿ ಫೈಲಿಗೆ ಕಡತ ಎನ್ನುತ್ತೇವಲ್ಲ, ಆ ಪದ ಬಂದದ್ದು ಇಲ್ಲಿಂದ. ನಿಜವಾದ ಕಡತ ಎಂದರೆ ಬಟ್ಟೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಕರೀ ಹಲಗೆಯಂತೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿಡುವುದು. ಬರೆಯುವುದು ಬಳಪದಿಂದ. ವ್ಯಾಪಾರಿಗಳು ಲೆಕ್ಕ ಇಡುತ್ತಿದ್ದದ್ದು ಇದರಲ್ಲಿ. ಶೃಂಗೇರಿ ಮಠದಲ್ಲಿ ನೂರಾರು ವರ್ಷ ಹಳೆಯ ಕಡತಗಳಿವೆ. ಬಳಪದ ಬರಹ ಅಷ್ಟು ಕಾಲ ಉಳಿಯುತ್ತದೆ ಎನ್ನುವುದೇ ನನಗೆ ಆಶ್ಚರ್ಯ. ಒಂದು ಕಡತದ ಮಡಿಕೆ ಬಿಡಿಸಿದಾಗ ಒಂದೆಡೆ ಯಾರೋ ಅಂಗೈಯಿಂದ ಒರೆಸಿ ಮತ್ತೆ ಬರೆದ ಗುರುತು ಕಂಡಿತು. ಲೆಕ್ಕ ತಪ್ಪಿತ್ತೇನೋ. ಒರೆಸಿದ ಕೈಯ ಅಗಲ ಹಾಗೇ ಬೆಳ್ಳಗೆ ಉಳಿದಿತ್ತು.

ಅಚ್ಚಿನ ಪುಸ್ತಕಗಳ ಕೋಣೆ ಬೇರೆ. ಕನ್ನಡದ ಅಚ್ಚಿನ ಇತಿಹಾಸ ಶುರುವಾಗುವುದು ದೂರದ ಬಂಗಾಳದಿಂದ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಅಲ್ಲಿ ಮುದ್ರಣಾಲಯ ತೆರೆದರು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಅದು ಕಲ್ಲಚ್ಚಿನದ್ದು. ಕಲ್ಲಚ್ಚಿನ ಪುಟವನ್ನು ಮೊದಲ ಸಲ ನೋಡುವವರಿಗೆ ಕೈಬರಹವೇ ಅನ್ನಿಸುತ್ತದೆ, ಯಾಕೆಂದರೆ ಅದು ಕೈಬರಹವೇ. ಒಬ್ಬ ಲಿಪಿಕಾರ ಬರೆದದ್ದನ್ನು ಕಲ್ಲಿನ ಮೇಲೆ ಇಳಿಸಿ ಅದರಿಂದ ಪ್ರತಿ ತೆಗೆಯುತ್ತಿದ್ದರು. ಓಲೆ ಬರೆದ ಪರಂಪರೆಯ ಕೈಗಳೇ ಕಲ್ಲಿಗೂ ಬರೆದಿರಬೇಕು ಅಂತ ಆ ಅಕ್ಷರಗಳ ದುಂಡು ನೋಡಿದಾಗ ಅನ್ನಿಸುತ್ತದೆ.

ಕಿಟೆಲ್ ನಿಘಂಟಿನ 1894ರ ಮೊದಲ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಬೇಕು. ಸುಮಾರು 70,000 ಪದ. ಅಚ್ಚಿಗಿಂತ ನಾನು ಹೆಚ್ಚು ಹೊತ್ತು ನೋಡಿದ್ದು ಅಂಚುಗಳನ್ನು. ನಾನು ಕಂಡ ಪ್ರತಿಯಲ್ಲಿ ಯಾರೋ ಓದುಗರು ಪೆನ್ಸಿಲಿನಲ್ಲಿ ತಮ್ಮ ಸೀಮೆಯ ಪದಗಳನ್ನು ಸೇರಿಸುತ್ತಾ ಹೋಗಿದ್ದರು. ‘ಇಲ್ಲಿ ಹೀಗೆ ಎನ್ನುತ್ತಾರೆ’ ಅಂತ ಪುಟದ ಮೇಲೆ ಪುಟ. ಗ್ರಂಥಾಲಯದ ಪುಸ್ತಕದ ಮೇಲೆ ಬರೆಯಬಾರದು, ಸರಿಯೇ. ಆದರೆ ಆ ಪ್ರತಿ ಅಂಗಡಿಯಲ್ಲಿ ಸಿಗುವ ಮರುಮುದ್ರಣಕ್ಕಿಂತ ಬೇರೆಯಾದದ್ದು ಆ ಅಂಚಿನಿಂದಲೇ. ನಾವು ಅದಕ್ಕೆ ಪ್ರತ್ಯೇಕ ಟಿಪ್ಪಣಿ ಹಾಕಿದೆವು: ‘ಅಂಚಿನಲ್ಲಿ ಓದುಗರ ಪದಸಂಗ್ರಹ ಇದೆ’. ಆ ಒಂದು ಸಾಲು ಕ್ಯಾಟಲಾಗಿನಲ್ಲಿ ಇಲ್ಲದಿದ್ದರೆ, ಮರುಮುದ್ರಣ ಇದೆಯಲ್ಲ ಎಂದು ಆ ಹಳೇ ಪ್ರತಿಯನ್ನು ಯಾರಾದರೂ ವಿಲೇವಾರಿ ಪಟ್ಟಿಗೆ ಸೇರಿಸಿದರೂ ಕೇಳುವವರಿರುವುದಿಲ್ಲ.

ಜನ ತಪ್ಪು ತಿಳಿಯುವ ಒಂದು ವಿಷಯ ಹೇಳಬೇಕು. ಹಳೆಯದಾದಷ್ಟೂ ನಾಜೂಕು ಅಂತ ಎಲ್ಲರ ಎಣಿಕೆ. ಕಪಾಟಿನಲ್ಲಿ ಎಷ್ಟೋ ಸಲ ಇದು ತಿರುಗುಮುರುಗು. ಇನ್ನೂರು ವರ್ಷದ ಗರಿ ಎಣ್ಣೆ ಕಂಡರೆ ಬಾಗುತ್ತದೆ. ಹರಕು ಬಟ್ಟೆಯ ನಾರಿನಿಂದ ಮಾಡಿದ ಹಳೇ ಕಾಗದವೂ ಗಟ್ಟಿ. ಪುಡಿಯಾಗುವುದು ಸುಮಾರು 1850ರ ನಂತರದ ಮರದ ತಿರುಳಿನ ಕಾಗದ. ಶಾಯಿ ಹರಡಬಾರದು ಅಂತ ಅದಕ್ಕೆ ಪಟಿಕ ಮತ್ತು ರಾಳ ಸೇರಿಸುತ್ತಿದ್ದರು. ಪಟಿಕದಿಂದ ಕಾಗದದ ಒಳಗೇ ಆಮ್ಲ ಹುಟ್ಟುತ್ತದೆ, ಅದು ನಾರನ್ನು ನಿಧಾನವಾಗಿ ಕತ್ತರಿಸುತ್ತದೆ. ಸೆಖೆ, ತೇವ ಜಾಸ್ತಿಯಾದಷ್ಟೂ ಬೇಗ. ಇಪ್ಪತ್ತನೇ ಶತಮಾನದ ಮೊದಲ ಅರ್ಧದ ನಮ್ಮ ಪತ್ರಿಕೆಗಳು, ಕಾದಂಬರಿಗಳು, ಪಠ್ಯಪುಸ್ತಕಗಳು, ನವೋದಯ ಕಾಲದ ಮೊದಲ ಮುದ್ರಣಗಳು, ಎಲ್ಲ ಇಂಥ ಕಾಗದದ ಮೇಲಿವೆ. 1920ರ ದಶಕದ ಒಂದು ಮಾಸಪತ್ರಿಕೆ ತೆಗೆದಾಗ ಪುಟದ ಮೂಲೆ ಹಪ್ಪಳದಂತೆ ಚಟ್ ಎಂದು ನನ್ನ ಬೆರಳಿನಲ್ಲೇ ಉಳಿಯಿತು. ನನ್ನ ಮುಖ ನೋಡಿ ಹಿರಿಯರು ಬೈಯಲಿಲ್ಲ. ಒಂದು ಸಣ್ಣ ಲಕೋಟೆ ತಂದು, ಆ ಚೂರನ್ನು ಅದರಲ್ಲಿ ಹಾಕಿ, ಪುಟದ ನಂಬರು ಬರೆದು ಪುಸ್ತಕದ ಪೆಟ್ಟಿಗೆಯಲ್ಲೇ ಇಟ್ಟರು. ಅದರಲ್ಲಿ ಎರಡು ಅಕ್ಷರ ಇದೆ, ಬೇಕಾಗುತ್ತದೆ ಅಂದರು.

ಟೇಪ್ ಅಂಟಿಸಿ ಉಪಕಾರ ಮಾಡಿದವರಿಂದ ಆದ ಹಾನಿ ಹುಳುವಿನಿಂದ ಆದದ್ದಕ್ಕಿಂತ ಕಡಿಮೆಯೇನಲ್ಲ. ಪಾರದರ್ಶಕ ಟೇಪಿನ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಶನ್ ಇನ್ನೂ ಕೆಟ್ಟದ್ದು, ಆಮ್ಲ ಒಳಗೇ ಉಳಿಯುತ್ತದೆ, ಮುಂದೆ ಬಿಡಿಸಬೇಕೆಂದರೆ ಆಗದು. ತಿಳಿದವರು ಜಪಾನಿ ಟಿಶ್ಯೂ ಎನ್ನುವ ತೆಳು ಕಾಗದ ಮತ್ತು ಗೋಧಿ ಪಿಷ್ಟದ ಅಂಟು ಬಳಸುತ್ತಾರೆ. ನಾಳೆ ಯಾರಾದರೂ ಇದಕ್ಕಿಂತ ಒಳ್ಳೆ ದಾರಿ ಕಂಡುಹಿಡಿದರೆ ನೀರು ಸೋಕಿಸಿ ಇದನ್ನು ಬಿಡಿಸಬಹುದು. ನಿಮ್ಮ ಮನೆಯಲ್ಲಿ ಹಳೆ ಪತ್ರ, ಜಾತಕ, ಜಮೀನು ಕಾಗದ ಇದ್ದರೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ.

ಪತ್ರಾಗಾರದ ಕೆಲಸದಲ್ಲಿ ನಾನೇ ಒಂದು ತಪ್ಪು ಮಾಡಿದೆ. ತೀರಿಕೊಂಡ ಒಬ್ಬ ಪ್ರಾಧ್ಯಾಪಕರ ಕಾಗದಗಳನ್ನು ಅವರ ಮನೆಯವರು ಒಂದು ಟ್ರಂಕಿನಲ್ಲಿ ತಂದು ಕೊಟ್ಟಿದ್ದರು. ಪತ್ರ, ಟಿಪ್ಪಣಿ, ಬಸ್ ಟಿಕೆಟ್, ಮದುವೆ ಕರೆಯೋಲೆ, ಪ್ರಶ್ನೆಪತ್ರಿಕೆ, ಎಲ್ಲ ಸಣ್ಣ ಸಣ್ಣ ಕಟ್ಟುಗಳಾಗಿ ದಾರದಲ್ಲಿ ಸುತ್ತಿದ್ದವು. ನನಗೆ ಅದು ಬರೀ ಗೊಂದಲ ಅನ್ನಿಸಿತು. ಒಂದು ಶನಿವಾರ ಕೂತು ದಾರ ಬಿಚ್ಚಿ, ಪತ್ರಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದೆ. ಮೂರು ಕಟ್ಟು ಮುಗಿಯುವಷ್ಟರಲ್ಲಿ ಹಿರಿಯರು ಬಂದು ನೋಡಿ ನನ್ನ ಕೈ ಹಿಡಿದು ನಿಲ್ಲಿಸಿದರು.

ಪುಸ್ತಕಕ್ಕೆ ವಿಷಯವಾರು ಜೋಡಣೆ ಸರಿ. ಒಬ್ಬರ ಕಾಗದಪತ್ರಕ್ಕೆ ಅವರೇ ಇಟ್ಟುಕೊಂಡಿದ್ದ ಜೋಡಣೆಯೇ ಸರಿ. ಅವರು ಯಾವುದನ್ನು ಯಾವುದರ ಜೊತೆ ಕಟ್ಟಿದ್ದರು ಎನ್ನುವುದೂ ಒಂದು ದಾಖಲೆ. ನಾನು ಮುಟ್ಟದೆ ಉಳಿದಿದ್ದ ಒಂದು ಕಟ್ಟನ್ನು ಹಿರಿಯರು ಬಿಚ್ಚದೆಯೇ ಅಂಚು ಎತ್ತಿ ತೋರಿಸಿದರು. ಒಂದು ಮದುವೆ ಕರೆಯೋಲೆ, ಅದರ ಹಿಂಬದಿಯ ಖಾಲಿ ಜಾಗದಲ್ಲಿ ಒಕ್ಕಲುತನದ ಪದಗಳ ಪಟ್ಟಿ, ಅದರ ಕೆಳಗೆ ಒಂದು ಬಸ್ ಟಿಕೆಟ್. ಬಹುಶಃ ಆ ಮದುವೆಗೆ ಹೋದ ಊರಿನಲ್ಲೇ ಆ ಪದಗಳನ್ನು ಕೇಳಿ ಬರೆದುಕೊಂಡಿರಬೇಕು. ಮೂರನ್ನೂ ಬೇರೆ ಮಾಡಿದರೆ ಕರೆಯೋಲೆ ಒಂದು ಪೆಟ್ಟಿಗೆಗೆ, ಪದಪಟ್ಟಿ ಇನ್ನೊಂದಕ್ಕೆ, ಟಿಕೆಟ್ ಕಸದ ಬುಟ್ಟಿಗೆ ಹೋಗುತ್ತಿತ್ತು. ಪದಗಳು ಉಳಿಯುತ್ತಿದ್ದವು, ಯಾವ ಸೀಮೆಯ ಪದಗಳು ಎನ್ನುವುದು ಹೋಗುತ್ತಿತ್ತು. ನಾನು ಬಿಚ್ಚಿದ ಮೂರು ಕಟ್ಟುಗಳಲ್ಲಿ ಏನು ಏನರ ಜೊತೆಗಿತ್ತು ಅಂತ ಈಗ ಯಾರಿಗೂ ಗೊತ್ತಾಗುವುದಿಲ್ಲ. ಆ ಪೆಟ್ಟಿಗೆಯ ಮೇಲೆ ‘ಮೂಲ ಜೋಡಣೆ ಕದಲಿದೆ’ ಅಂತ ನಾನೇ ನನ್ನ ಕೈಯಾರೆ ಬರೆದೆ. ಹಾಗೆ ಬರೆದಿಡುವುದು ನಿಯಮ. ಆದ ತಪ್ಪೂ ಮುಂದಿನವರಿಗೆ ಸಿಗಬೇಕು.

ಎಲ್ಲ ಸ್ಕ್ಯಾನ್ ಮಾಡಿಬಿಟ್ಟರೆ ಆಯ್ತಲ್ವಾ ಅಂತ ತುಂಬ ಜನ ಕೇಳುತ್ತಾರೆ. ಮಾಡಬೇಕು, ಬೇಗ ಮಾಡಬೇಕು. ದೇಶದಲ್ಲಿ ಸುಮಾರು ಒಂದು ಕೋಟಿ ಹಸ್ತಪ್ರತಿಗಳಿರಬಹುದು ಎನ್ನುವ ಅಂದಾಜಿದೆ. ಅದಕ್ಕೆಂದೇ 2003ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಶುರು ಮಾಡಿತು. ಬೆಂಕಿ ಬಿದ್ದರೆ ಏನಾಗುತ್ತದೆ ಎನ್ನುವುದನ್ನು 2021ರ ಏಪ್ರಿಲ್‌ನಲ್ಲಿ ಕೇಪ್ ಟೌನ್ ವಿಶ್ವವಿದ್ಯಾಲಯದ ಜಾಗರ್ ಲೈಬ್ರರಿಯಲ್ಲಿ ಜಗತ್ತು ನೋಡಿತು. ಬೆಟ್ಟದ ಕಾಡ್ಗಿಚ್ಚು ಇಳಿದು ಬಂದು ಓದುವ ಕೋಣೆಯನ್ನೇ ನುಂಗಿತು. ಆಫ್ರಿಕಾ ಅಧ್ಯಯನದ ಅಪರೂಪದ ಅಚ್ಚುಪುಸ್ತಕಗಳು ಸುಟ್ಟವು. ನೆಲಮಾಳಿಗೆಯಲ್ಲಿ ಉಳಿದ ಪೆಟ್ಟಿಗೆಗಳು ಬೆಂಕಿ ಆರಿಸಿದ ನೀರಿನಲ್ಲಿ ತೊಯ್ದವು. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಗ್ರಂಥಾಲಯ ಎರಡು ಮಹಾಯುದ್ಧದಲ್ಲೂ, 1914ರಲ್ಲಿ ಒಮ್ಮೆ, 1940ರಲ್ಲಿ ಮತ್ತೊಮ್ಮೆ, ಸುಟ್ಟಿತು. ಚಿತ್ರ ಇದ್ದರೆ ಚಿತ್ರವಾದರೂ ಉಳಿಯುತ್ತದೆ.

ಆದರೆ ಸ್ಕ್ಯಾನ್ ಮಾಡಿದ ಚಿತ್ರವೂ ಓಲೆಕಟ್ಟಿನಂತೆಯೇ. ಅದಕ್ಕೂ ಒಂದು ಚೀಟಿ ಬೇಕು. ಸಾವಿರಾರು ಚಿತ್ರಗಳು ಬರೀ ನಂಬರಿನ ಹೆಸರಿನಲ್ಲಿ ಹಾರ್ಡ್ ಡಿಸ್ಕಿನಲ್ಲಿ ಬಿದ್ದಿರುವುದನ್ನು ನಾನು ನೋಡಿದ್ದೇನೆ. ಅಂತರ್ಜಾಲದ ಒಂದು ದೊಡ್ಡ ಸಂಗ್ರಹದಲ್ಲಿ ನಾನು ಆರು ತಿಂಗಳು ಹುಡುಕಿದ ಕನ್ನಡ ಪುಸ್ತಕವೊಂದು ಮೊದಲಿನಿಂದಲೂ ಇತ್ತು. ಕನ್ನಡ ಬಾರದವರು ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೋ ಟೈಪ್ ಮಾಡಿದ್ದರು, ಲೇಖಕರ ಜಾಗದಲ್ಲಿ ಮುದ್ರಕರ ಹೆಸರಿತ್ತು. ಸಿಕ್ಕಿದ್ದು ಆಕಸ್ಮಿಕ. ಯಂತ್ರಗಳು ಈಗ ಅಚ್ಚಿನ ಕನ್ನಡವನ್ನು ಸುಮಾರಾಗಿ ಓದುತ್ತವೆ. ಓಲೆಯ ಗೀರನ್ನು ಓದಲು ಇನ್ನೂ ಕಣ್ಣು ಪಳಗಿದ ಮನುಷ್ಯರೇ ಬೇಕು, ಅಂಥವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರಕ್ಕೆಂದೇ ವಿಭಾಗವಿದೆ. ಅಲ್ಲಿ ಕಲಿತು ಬಂದ ಹುಡುಗಿಯೊಬ್ಬಳು ನಮ್ಮ ಮೇಜಿನ ಎದುರು ಕೂತು, ನಾನು ಅರ್ಧ ಗಂಟೆ ತಿಣುಕುವ ಸಾಲನ್ನು ನಿಮಿಷದಲ್ಲಿ ಓದುತ್ತಿದ್ದಳು. ಅವಳು ಓದುವಾಗ ಸಣ್ಣ ದನಿಯಲ್ಲಿ ರಾಗ ಬರುತ್ತಿತ್ತು. ಛಂದಸ್ಸು ಹಿಡಿದರೆ ಪದ ಎಲ್ಲಿ ಮುರಿಯುತ್ತದೆ ಅಂತ ತಾನಾಗೇ ಗೊತ್ತಾಗುತ್ತದೆ ಅಂತ ಅವಳೇ ಹೇಳಿಕೊಟ್ಟಳು.

ಮೊದಲು ಹೇಳಿದ ಆ ಕೆಂಪು ಬಟ್ಟೆಯ ಕಟ್ಟು ನಾನು ಕೆಲಸ ಬಿಡುವ ಕೊನೆಯ ತಿಂಗಳಲ್ಲಿ ಕೈಗೆ ಬಂತು. ಚೀಟಿಯಲ್ಲಿ ಪ್ರಸಿದ್ಧ ಕಾವ್ಯವೊಂದರ ಹೆಸರು, ‘ಗರಿ 84, ಅಸಮಗ್ರ’. ಆ ಕಾವ್ಯದ ಬೇರೆ ಪ್ರತಿಗಳು ಬೇಕಾದಷ್ಟಿವೆ, ಹಾಗಾಗಿ ಇದನ್ನು ಯಾರೂ ಬಿಚ್ಚಿರಲಿಲ್ಲ. ಸುಮ್ನೆ ಗರಿ ಎಣಿಸುತ್ತಾ ಹೋದೆ. 61ನೇ ಗರಿಗೆ ಬಂದಾಗ ಕಣ್ಣು ತಡೆಯಿತು. ಕೈಬರಹ ಬೇರೆ. ಅಕ್ಷರ ದೊಡ್ಡದು, ಸಾಲು ಏಳರ ಬದಲು ಐದು. ಅವಳನ್ನು ಕರೆದೆ. ಅವಳು ಓರೆಬೆಳಕಿನಲ್ಲಿ ಹಿಡಿದು ರಾಗ ಎಳೆಯಲು ನೋಡಿದಳು, ಆಗಲಿಲ್ಲ. ಪದ್ಯವಲ್ಲ ಇದು, ಗದ್ಯ ಅಂದಳು. ಮಕ್ಕಳ ಕೆಮ್ಮಿಗೆ, ಬಾಣಂತಿಯ ಜ್ವರಕ್ಕೆ, ದನದ ಕಾಲುಬಾವಿಗೆ ಮದ್ದು. ಗಿಡದ ಹೆಸರುಗಳು ಮನೆಯಲ್ಲಿ ಆಡುವ ಹೆಸರುಗಳೇ. ಅವುಗಳಲ್ಲಿ ಎರಡು ನಮಗೆ ಯಾವ ನಿಘಂಟಿನಲ್ಲೂ ಸಿಗಲಿಲ್ಲ.

84ನೇ ಗರಿಯಲ್ಲಿ ಬರೆದವರ ಮಾತಿತ್ತು. ‘ವಿಕಾರಿ ಸಂವತ್ಸರದ ಮಾಘ ಶುದ್ಧ’ ಅಂತ ಶುರುವಾಗಿತ್ತು. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾಗಿ ಅದು 1720 ಆಗಬಹುದು, 1780 ಆಗಬಹುದು, 1840 ಆಗಬಹುದು. ತಿಥಿಯ ಜೊತೆ ವಾರ ಇದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕ ತೆಗೆದು ಯಾವ ವರ್ಷ ಹೊಂದುತ್ತದೆ ಅಂತ ನೋಡಬಹುದು. ಆದರೆ ಗರಿಯ ಬಲ ತುದಿಯನ್ನು ಹುಳು ತಿಂದಿತ್ತು. ತಿಥಿ, ವಾರ, ಹೆಸರಿನ ಮೊದಲ ಭಾಗ, ಎಲ್ಲ ಅದರ ಜೊತೆ ಹೋಗಿತ್ತು. ಮುಂದಿನ ಸಾಲಿನ ಆರಂಭದಲ್ಲಿ ಉಳಿದದ್ದು ‘ಯ್ಯನು ತನ್ನ ಮೊಮ್ಮಕ್ಕಳಿಗೆ ಬರೆದುದು’ ಎಂದಿಷ್ಟೇ.

ಅವಳು ಓದಿದಳು, ನಾನು ಟೈಪ್ ಮಾಡಿದೆ. ಚೀಟಿಯ ಮೇಲೂ ಪೆನ್ಸಿಲಿನಲ್ಲಿ ಸೇರಿಸಿದೆವು. ‘ಗರಿ 1ರಿಂದ 60: ಕಾವ್ಯ, ಅಸಮಗ್ರ. ಗರಿ 61ರಿಂದ 84: ಮನೆಮದ್ದು, ಗದ್ಯ, ಬೇರೆ ಕೈಬರಹ, ಅಪೂರ್ವ ಗಿಡದ ಹೆಸರುಗಳಿವೆ. ಕಾಲ: ವಿಕಾರಿ ಸಂ., ಮಾಘ. ಲಿಪಿಕಾರ: ...ಯ್ಯ.’ ಆಮೇಲೆ ಹಲಗೆ ಇಟ್ಟು, ದಾರ ಬಿಗಿಯಾಗಿ ಸುತ್ತಿ, ಬಟ್ಟೆಯ ಗಂಟು ಹಾಕಿದೆವು.